ಆ ದಿನದ ರೇಟು

ಷಡಕ್ಷರಿಗೆ ಆ ಬೆಳಿಗ್ಗೆ ಮೊದಲು ಸಿಟ್ಟು ಬಂದದ್ದು ಚಪ್ಪಲಿಗಳ ಮೇಲೆ. ನುಗ್ಗೇಹಳ್ಳಿಯಲ್ಲಿ ಕೊಬ್ಬರಿ ನೋಂದಣಿಗೆಂದು ತೆರೆದಿದ್ದ ಕೊಠಡಿಯ ಬಾಗಿಲಿನಿಂದ ರಸ್ತೆಬದಿಯ ಹೊಂಗೆಮರದವರೆಗೆ ಚಪ್ಪಲಿಗಳು ಜೋಡಿ ಜೋಡಿಯಾಗಿ ಸಾಲು ನಿಂತಿದ್ದವು, ಒಂದರಲ್ಲೂ ಕಾಲಿರಲಿಲ್ಲ. ಕೆಲವಕ್ಕೆ ಕಲ್ಲು ಹೇರಿದ್ದರು. ಒಂದು ಜೋಡಿಯ ಮೇಲೆ ಟವೆಲ್ಲು ಮಡಿಸಿಟ್ಟಿದ್ದರು, ಚಪ್ಪಲಿಗೆ ಚಳಿಯಾಗುತ್ತದೆ ಎನ್ನುವ ಹಾಗೆ. ಗಂಡಸರು ಎದುರಿನ ಟೀ ಅಂಗಡಿಯಲ್ಲಿ ಕೂತು, ತಮ್ಮ ಪರವಾಗಿ ಚಪ್ಪಲಿ ನಿಂತಿದೆಯೆಂಬ ನೆಮ್ಮದಿಯಲ್ಲಿ ಬೀಡಿ ಸೇದುತ್ತಿದ್ದರು. ಸರ್ಕಾರ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುತ್ತದೆ, ಆದರೆ ತಾಲ್ಲೂಕಿಗೆ ಇಷ್ಟೇ ಎಂದು ಮಿತಿ. ಅದು ಮುಗಿಯುವಷ್ಟರಲ್ಲಿ ಹೆಸರು ಬರೆಸಿದವರಿಗೆ ಕ್ವಿಂಟಲಿಗೆ ಮೂರು ಸಾವಿರ ಹೆಚ್ಚು. ಬರೆಸದವರು ವ್ಯಾಪಾರಿ ಕೇಳಿದ ದರಕ್ಕೆ ಕೊಡಬೇಕು. ಮಿತಿ ಇವತ್ತು ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ಸುದ್ದಿ. ಅಕ್ಕ ದಾಕ್ಷಾಯಣಮ್ಮ ಹಿಂದಿನ ದಿನ ಫೋನ್ ಮಾಡಿ, ಕಂಪ್ಯೂಟರಿನವರು ನನಗೆ ರೇಗುತ್ತಾರೆ, ಕಾಗದ ತೋರಿಸಲು ನೀನು ಪಕ್ಕದಲ್ಲಿರು, ಜಾಗ ನಾನು ಹಿಡಿದಿರುತ್ತೇನೆ ಎಂದಿದ್ದಳು. ಅದಕ್ಕೇ ಹಾಸನದಿಂದ ಮೊದಲ ಬಸ್ಸು ಹಿಡಿದು ಬಂದಿದ್ದ. ನೋಡಿದರೆ ಅಕ್ಕ ಎಲ್ಲೂ ಇರಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅದನ್ನು ಮನೆಯ ಗೂಡಿನಲ್ಲಿ ಬಿಟ್ಟು ಓಡಾಡುವವಳು ಅವಳು. ಇವಳು ಏಳುವುದೇ ತಡವಾಯಿತೋ ಏನೋ ಎಂದು ಅವಳ ಮೇಲೂ ಸ್ವಲ್ಪ ಸಿಟ್ಟು ಬಂತು.

ಅವನ ಚೀಲದಲ್ಲಿ ಹನ್ನೊಂದು ಹಾಳೆಯ ಭಾಷಣವಿತ್ತು. ಮಧ್ಯಾಹ್ನ ಎರಡಕ್ಕೆ ಹಾಸನದಲ್ಲಿ ಜಿಲ್ಲೆಯ ಅರ್ಥಶಾಸ್ತ್ರ ಉಪನ್ಯಾಸಕರ ಕೂಟ. ವಿಷಯ, ‘ಆರ್ಥಿಕ ಚಿಂತನೆಯ ಪಂಥಗಳು ಮತ್ತು ನನ್ನ ನಿಲುವು’. ಎಲ್ಲ ಪಂಥಗಳನ್ನೂ ಐದೈದು ಅಂಕಕ್ಕೆ ಪಾಠ ಮಾಡಿ ಮನೆಗೆ ಹೋಗುವವರ ನಡುವೆ ತನಗೊಬ್ಬನಿಗಾದರೂ ನಿಲುವು ಇದೆಯೆಂದು ಷಡಕ್ಷರಿಗೆ ಹೆಮ್ಮೆಯಿತ್ತು. ಅವನು ಮಾರುಕಟ್ಟೆಯವನು. ಬೆಲೆಯನ್ನು ಅದರ ಪಾಡಿಗೆ ಬಿಡಿ, ನೀರಿನ ಹಾಗೆ ತನ್ನ ಮಟ್ಟ ತಾನೇ ಕಂಡುಕೊಳ್ಳುತ್ತದೆ. ಸರ್ಕಾರ ಬೆಲೆ ಕಟ್ಟಿದ ಕಡೆ ಸಾಲು ಹುಟ್ಟುತ್ತದೆ, ಸಾಲು ಹುಟ್ಟಿದ ಕಡೆ ಕಳ್ಳ ಹುಟ್ಟುತ್ತಾನೆ. ಇದನ್ನು ಹೇಳುವಾಗ ಅವನ ಕತ್ತಿನ ನರ ಉಬ್ಬುತ್ತಿತ್ತು. ಉದಾಹರಣೆಯನ್ನು ಸ್ವಂತ ಬಾಳಿನಿಂದಲೇ ಕೊಡುತ್ತಿದ್ದ: ಡಬ್ಬ ಹಿಡಿದು ಸೀಮೆಎಣ್ಣೆ ಸಾಲಿನಲ್ಲಿ ಮಧ್ಯಾಹ್ನದವರೆಗೆ ನಿಂತದ್ದು, ಅಂಗಡಿಯವನು ತನ್ನ ಪೈಕಿಯವರಿಗೆ ಹಿಂಬಾಗಿಲಿನಲ್ಲಿ ಹಾಕಿ, ಮುಂದೆ ನಿಂತವರಿಗೆ ಬರಿದಾದ ಡ್ರಮ್ಮು ಬಗ್ಗಿಸಿ ತೋರಿಸಿದ್ದು. ಇಪ್ಪತ್ತಾರು ಬ್ಯಾಚಿನ ಮಕ್ಕಳು ಅದನ್ನು ಕೇಳಿದ್ದರು. ಇವತ್ತಿನ ನಾಲ್ಕನೇ ಹಾಳೆಯಲ್ಲೂ ಅದು ಇತ್ತು. ನಿಂತದ್ದು ತಾನಲ್ಲ, ಅಕ್ಕ, ಎನ್ನುವುದು ಹಾಳೆಯಲ್ಲಿ ಇರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಡಬೇಕಾಗಿ ಬಂದ ಅವಳು ನಿಂತು ತಂದ ಎಣ್ಣೆಯಲ್ಲಿ ಅವನು ಓದಿದ. ಒಂದೇ ಒಂದು ದಿನ, ಅವಳಿಗೆ ಜ್ವರ ಬಂದಾಗ, ಅವನನ್ನು ಕಳಿಸಿದ್ದರು. ಅರ್ಧ ಗಂಟೆಗೇ ಸಾಕಾಗಿ ಡಬ್ಬವನ್ನು ಸಾಲಿನಲ್ಲಿಟ್ಟು ಗೋಲಿ ಆಡಲು ಹೋಗಿದ್ದ. ವಾಪಸು ಬಂದು ನೋಡಿದರೆ ಡಬ್ಬ ಹತ್ತು ಮಾರು ಮುಂದೆ ಹೋಗಿತ್ತು, ಹಿಂದಿದ್ದ ಯಾರೋ ತಮ್ಮದರ ಜೊತೆಗೆ ಅದನ್ನೂ ಕಾಲಿನಲ್ಲಿ ತಳ್ಳುತ್ತ ಬಂದಿದ್ದರು. ಇದನ್ನು ಮಾತ್ರ ಅವನು ಯಾವ ಕ್ಲಾಸಿಗೂ ಹೇಳಿರಲಿಲ್ಲ. ಹೇಳಿದರೆ ಉದಾಹರಣೆ ಕೆಡುತ್ತಿತ್ತು.

ಬೇರೆ ನಿಲುವಿನವರೂ ಕೂಟಕ್ಕೆ ಬರುವವರಿದ್ದರು. ಹೊಳೆನರಸೀಪುರದ ಉಪನ್ಯಾಸಕ ವರದರಾಜ, ದೇವಸ್ಥಾನದ ಬೀದಿಯಲ್ಲಿ ತೀರ್ಥ ಕೊಡುವ ಮನೆಯಲ್ಲಿ ಹುಟ್ಟಿ, ಯೋಜನೆ, ಸಮಾನತೆ, ಭೂಮಿ ಎಲ್ಲರದೂ ಎಂದು ಪಾಠ ಮಾಡುವವನು. ವಿಮಾನ ನಿಲ್ದಾಣ ಬರುತ್ತದೆಂದು ಬೂವನಹಳ್ಳಿಯ ಹತ್ತಿರ ಹೆಂಡತಿಯ ಹೆಸರಿನಲ್ಲಿ ಎರಡು ಸೈಟು ತೆಗೆದುಕೊಂಡಿದ್ದ. ಅರಕಲಗೂಡಿನ ಹಂಸ ಮೇಡಂ ಗ್ರಾಮ ಸ್ವಾವಲಂಬನೆಯವರು, ಊರು ತನಗೆ ಬೇಕಾದದ್ದನ್ನು ತಾನೇ ಬೆಳೆದುಕೊಳ್ಳಬೇಕು ಎನ್ನುವವರು. ಅರಕಲಗೂಡಿನಲ್ಲಿ ಒಳ್ಳೆಯ ತರಕಾರಿ ಸಿಗುವುದಿಲ್ಲವೆಂದು ವಾರಕ್ಕೊಮ್ಮೆ ಕಾರಿನಲ್ಲಿ ಹಾಸನಕ್ಕೆ ಬರುತ್ತಿದ್ದರು. ಮೂವರೂ ಸೇರಿ ಒಮ್ಮೆ ಮಕ್ಕಳನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಅಣೆಕಟ್ಟಿನ ಹಿನ್ನೀರಿನಲ್ಲಿ ಸೊಂಟದವರೆಗೆ ನಿಂತ ಚರ್ಚಿನ ಗೋಡೆ ತೋರಿಸಿ ವರದರಾಜ, ಒಂದು ಊರು ಮುಳುಗಿ ನೂರು ಊರಿಗೆ ನೀರಾಯಿತು, ಯೋಜನೆ ಅಂದರೆ ಇದು ಎಂದ. ಹಂಸ ಮೇಡಂ ಕಣ್ಣಲ್ಲಿ ನೀರು ತಂದುಕೊಂಡು, ಒಂದು ಊರು ಸತ್ತ ಜಾಗ ಎಂದರು. ಷಡಕ್ಷರಿ, ನಿಮ್ಮ ಊರಿನ ಬೆಲೆ ಎಷ್ಟು ಎಂದು ಊರಿನವರನ್ನು ಯಾರೂ ಕೇಳಲಿಲ್ಲವಲ್ಲ, ತಪ್ಪು ಅಲ್ಲಿದೆ ಎಂದ. ಮಕ್ಕಳು ಗೋಡೆಯ ಕಡೆಗೆ ಬೆನ್ನು ಮಾಡಿ ಫೋಟೋ ತೆಗೆದುಕೊಂಡರು. ಬರುವಾಗ ದಾರಿಯ ಹೋಟೆಲಿನಲ್ಲಿ ಮೂವರೂ ಒಂದೇ ತಟ್ಟೆಯಿಂದ ವಡೆ ತಿಂದರು. ಬಿಲ್ಲು ಬಂದಾಗ ಮೂರು ಪಂಥಗಳೂ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕೂತವು.

ಬೆಲೆ ಕೇಳುವುದರಲ್ಲಿ ತಪ್ಪೇನು? ಐದು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ತೋಟ ಎರಡು ಭಾಗವಾಯಿತು, ಅಕ್ಕನಿಗೊಂದು ಎಕರೆ, ಅವನಿಗೊಂದು ಎಕರೆ. ಗಂಡ ಸತ್ತ ಮೇಲೆ ತವರಿಗೆ ಬಂದು ಇಪ್ಪತ್ತು ವರ್ಷ ಆ ತೆಂಗಿನ ಮರಗಳಿಗೆ ನೀರು ಕಟ್ಟಿದವಳು ಅವಳು. ನಿನ್ನ ಎಕರೆಯನ್ನೂ ನನಗೇ ಬಿಡು ಎಂದು ಕೇಳಿದಳು. ಬಿಡುತ್ತೇನೆ, ಮಾರ್ಕೆಟ್ ರೇಟಿಗೆ, ಎಂದ. ಸಂಬಂಧ ಬೇರೆ, ವ್ಯವಹಾರ ಬೇರೆ, ಬೇರೆಯಿಟ್ಟರೇ ಎರಡೂ ಉಳಿಯುವುದು ಎಂದು ವಿವರಿಸಿದ. ಕೊಬ್ಬರಿ ಮಾರಿದಾಗಲೆಲ್ಲ ಅವಳು ವರ್ಷಕ್ಕಿಷ್ಟು ಎಂದು ಐದು ಕಂತು ಕೊಡುವುದು, ಕೊನೆಯದರಲ್ಲಿ ಲೆಕ್ಕ ಸರಿಮಾಡಿಕೊಳ್ಳುವುದು. ತೋಟದ ಬೆಲೆ ಮಾತಾಡಿದ ದಿನದ್ದಲ್ಲ, ರಿಜಿಸ್ಟರ್ ಆಗುವ ದಿನದ್ದು. ಬಿಳಿ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಆ ಕೊನೆಯ ಸಾಲನ್ನು ಸೇರಿಸಿದ್ದು ಅವನೇ. ಬೂವನಹಳ್ಳಿಯ ಸುತ್ತ ಭೂಮಿ ಏರಿದ್ದನ್ನು ಕಂಡಿದ್ದ, ಆ ಏರಿಕೆ ನುಗ್ಗೇಹಳ್ಳಿಗೂ ಬಂದೀತು ಎಂಬ ಆಸೆ ಒಳಗಿತ್ತು. ಹೊರಗೆ ಅದಕ್ಕೆ ಸಿದ್ಧಾಂತ ಎಂದು ಹೆಸರಿಟ್ಟಿದ್ದ. ನಾಲ್ಕು ವರ್ಷ ಅಕ್ಕ ಬಟ್ಟೆಯ ಚೀಲದಲ್ಲಿ, ಹುರುಳಿಕಾಳಿನ ಪೊಟ್ಟಣದ ಕೆಳಗಿಟ್ಟು, ದುಡ್ಡು ತಂದುಕೊಟ್ಟಳು. ಅವಳು ಬರುವ ಹೊತ್ತಿಗೆ ಸರಿಯಾಗಿ ಅವನು ಸ್ನಾನಕ್ಕೆ ಹೋಗುತ್ತಿದ್ದ. ಹೆಂಡತಿ ಶಿವರಂಜನಿ ಎಣಿಸಿಕೊಂಡು, ಅಕ್ಕನಿಗೆ ತನ್ನ ಹಳೆಯ ಸೀರೆಯನ್ನೋ ಹಳೆಯ ಚಪ್ಪಲಿಯನ್ನೋ ಕೊಟ್ಟು ಕಳಿಸುತ್ತಿದ್ದಳು. ಈ ವರ್ಷದ ಕೊಬ್ಬರಿ ಬೆಂಬಲ ಬೆಲೆಗೆ ಹೋದರೆ ಕೊನೆಯ ಕಂತೂ ಮುಗಿದು, ತೋಟ ಪೂರ್ತಿ ಅವಳ ಹೆಸರಿಗೆ ಬರುವುದಿತ್ತು. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯನ್ನು ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಮೂಟೆ ಕಟ್ಟಿ ಅವಳು ಕಾದಿದ್ದಳು.

ಏಳಕ್ಕೆ ಹತ್ತು ನಿಮಿಷವಿದ್ದಾಗ ಕಂಪ್ಯೂಟರಿನ ಶಶಿಕಿರಣ್ ಬಂದು ಬೀಗ ತೆಗೆದ. ಚಪ್ಪಲಿಗಳನ್ನು ನೋಡಿ, ಯಾರ ಹಿಂದೆ ಯಾರು ಅಂತ ನೀವೇ ಬಗೆಹರಿಸಿಕೊಳ್ಳಿ ಎಂದು ಒಳಗೆ ಹೋದ. ಟೀ ಅಂಗಡಿಯ ಗಂಡಸರು ಎದ್ದು ಬಂದರು, ನೂಕಾಟ ಶುರುವಾಯಿತು. ಷಡಕ್ಷರಿ ಆಗ ಗಮನಿಸಿದ: ಬಾಗಿಲಿನ ಹತ್ತಿರದ ಮೊದಲ ಎಂಟು ಜೋಡಿ ಹೊಚ್ಚಹೊಸ ಹವಾಯಿ ಚಪ್ಪಲಿ, ಎಲ್ಲ ನೀಲಿ, ಎಲ್ಲ ಒಂದೇ ಅಳತೆ, ಒಂದೇ ಮೂಟೆಯಿಂದ ಸುರಿದಂಥವು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ರಜನೀಶನವು ಎಂದು ಪಕ್ಕದವನು ಕಿವಿಯಲ್ಲಿ ಹೇಳಿದ. ರೈತರಿಂದ ಕಡಿಮೆಗೆ ಕೊಂಡದ್ದನ್ನು ಬೇರೆಯವರ ಪಹಣಿ ತೋರಿಸಿ ಸರ್ಕಾರಕ್ಕೆ ಹೆಚ್ಚಿಗೆ ಕೊಡುವ ಆಸಾಮಿ. ಸಾಲು ಹುಟ್ಟಿದ ಕಡೆ ಕಳ್ಳ ಎಂಬ ತನ್ನ ಎರಡನೇ ಹಾಳೆ ಕಣ್ಣೆದುರಿಗೇ ನಿಜವಾಗಿ ನಿಂತದ್ದನ್ನು ಕಂಡು ಷಡಕ್ಷರಿಗೆ ಸಿಟ್ಟೂ ಸಂತೋಷವೂ ಒಟ್ಟಿಗೇ ಆದವು. ಕ್ಲಾಸಿನ ದನಿಯಲ್ಲಿ ಕೂಗಿದ.

“ಚಪ್ಪಲಿಗೆ ಆಧಾರ್ ಕಾರ್ಡ್ ಇದೆಯೇನ್ರೀ? ಯಾರು ಬಂದು ನಿಂತವ್ರೋ ಜಾಗ ಅವರದು. ಒಬ್ಬರಿಗೆ ಇನ್ನೊಬ್ಬರು ನಿಲ್ಲಂಗಿಲ್ಲ. ಕಾಲಿಲ್ಲದ ಚಪ್ಪಲಿ ಎಲ್ಲ ಆಚೆಗೆ.”

ಗಂಡಸರಿಗೆ ಅದು ಹಿಡಿಸಿತು. ಅವರು ಅಲ್ಲೇ ಇದ್ದರಲ್ಲ. ಮೇಷ್ಟ್ರು ಸರಿಯಾಗಿ ಹೇಳಿದರು ಎಂದು ನಾಲ್ಕು ಜನ ಅಂದರು. ಷಡಕ್ಷರಿ ತಾನೇ ಬಗ್ಗಿ ಎಸೆಯಲು ನಿಂತ. ನೀಲಿ ಚಪ್ಪಲಿಗೆ ಕೈ ಹಾಕುವಷ್ಟರಲ್ಲಿ ಎಂಟು ಆಳುಗಳು ಎಲ್ಲಿಂದಲೋ ಓಡಿಬಂದು ಅವುಗಳಲ್ಲಿ ಕಾಲು ತೂರಿಸಿ ನಿಂತರು. ನಿಲ್ಲುವುದಕ್ಕೇ ಅವರಿಗೆ ಕೂಲಿ. ಹೀಗಾಗಿ ಅವನ ಕೈಗೆ ಸಿಕ್ಕಿದ್ದೆಲ್ಲ ಒಂಬತ್ತನೆಯದರಿಂದ ಆಚೆಗಿನವು, ಹಿಮ್ಮಡಿ ಸವೆದವು, ಹೊಲಿಗೆ ಹಾಕಿದವು, ಹೆಚ್ಚಿನವು ಹೆಂಗಸರವು. ಒಂದೊಂದನ್ನೂ ಚರಂಡಿಯ ಕಡೆ ಎಸೆದ. ಪಟ್ಟಿಗೆ ಹಸಿರು ದಾರ ಹಾಕಿ ಹೊಲಿದ ಒಂದು ಜೋಡಿ ಎಲ್ಲೋ ನೋಡಿದ ಹಾಗಿತ್ತು. ನೆನಪು ಮಾಡಿಕೊಳ್ಳುವ ಹೊತ್ತು ಅದಾಗಿರಲಿಲ್ಲ, ನ್ಯಾಯ ಮಾಡುವ ಹೊತ್ತಾಗಿತ್ತು. ಖಾಲಿಯಾದ ಒಂಬತ್ತನೇ ಜಾಗದಲ್ಲಿ ತಾನೇ ನಿಂತುಕೊಂಡ, ಅಕ್ಕ ಬರುವವರೆಗೆ ಎಂದು.

ಏಳೂಕಾಲಿಗೆ ಹೆಂಗಸರು ಬಂದರು. ಹದಿನಾರು ಜನ, ಕೈಯಲ್ಲಿ ಖಾಲಿ ಹಾಲಿನ ಕ್ಯಾನು, ಬರಿಗಾಲು. ಷಡಕ್ಷರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ಊರಿನಲ್ಲೇ ಹುಟ್ಟಿದವನು ಅವನು. ಆರೂವರೆಯಿಂದ ಏಳರವರೆಗೆ ಡೈರಿಯಲ್ಲಿ ಹಾಲು ಅಳೆಯುತ್ತಾರೆ, ಆ ಹೊತ್ತು ತಪ್ಪಿದರೆ ಹಾಲು ಮನೆಗೆ ವಾಪಸು. ಕ್ಯಾನು ಹೊರುವವರು ಹೆಂಗಸರು. ನುಗ್ಗೇಹಳ್ಳಿಯ ನಾಯಿಗಳಿಗೂ ಗೊತ್ತಿರುವ ಸಂಗತಿ. ಬೇಡಿಕೆಯ ರೇಖೆ ಪೂರೈಕೆಯ ರೇಖೆಯನ್ನು ಎಲ್ಲಿ ಮುಟ್ಟುತ್ತದೆ ಎಂಬುದು ಅವನಿಗೆ ನಿದ್ದೆಯಲ್ಲೂ ಗೊತ್ತಿತ್ತು, ಇದು ಮರೆತುಹೋಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಬಂದು ನಿಂತಿದ್ದವರು ಹಸು ಕರೆಯುವ ಹೊತ್ತಿಗೆ ಚಪ್ಪಲಿ ಬಿಟ್ಟು ಮನೆಗೆ ಓಡಿ, ಹಾಲು ಕರೆದು, ಡೈರಿಗೆ ಹಾಕಿ ಬಂದಿದ್ದರು. ಅವರ ನಡುವೆ ಅಕ್ಕ ಇದ್ದಳು. ಕಾಲಿಗೆ ಸಗಣಿ ಮೆತ್ತಿತ್ತು. ಚರಂಡಿಯ ಅಂಚಿನಿಂದ ಹಸಿರು ದಾರದ ಒಂದು ಚಪ್ಪಲಿಯನ್ನು ಎತ್ತಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ಶಿವರಂಜನಿ ಎರಡು ವರ್ಷ ಹಾಕಿ ಬಿಟ್ಟ ಚಪ್ಪಲಿ ಅದು. ಯಾರು ಎಸೆದವರು ಎಂದು ಪಕ್ಕದ ಮನೆಯ ಕಾಮಾಕ್ಷಮ್ಮ ಗಟ್ಟಿಯಾಗಿ ಕೇಳಿದಳು. ಎಲ್ಲರೂ ಷಡಕ್ಷರಿಯ ಕಡೆ ನೋಡಿದರು. ನೀಲಿ ಚಪ್ಪಲಿಯವನೊಬ್ಬ ಮಾತ್ರ, ಮೇಷ್ಟ್ರು ನ್ಯಾಯವಾಗೇ ಮಾಡವ್ರೆ ಕಣಮ್ಮ, ಎಲ್ರೂ ಒಪ್ಪವ್ರೆ ಎಂದು ಸಮಾಧಾನ ಹೇಳಿದ.

“ನೀನಾ?” ಎಂದಳು ಅಕ್ಕ.

“ನಂಗೆ ಗೊತ್ತಿರ್ಲಿಲ್ಲ ಅಕ್ಕ.”

“ಆಲು ಹಾಕೋ ಒತ್ತು ಅಂತ ನಿಂಗೆ ಗೊತ್ತಿರ್ಲಿಲ್ವ?”

ಅಷ್ಟೇ ಕೇಳಿದಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಬೈಗುಳಕ್ಕೆ ಉತ್ತರ ಕೊಡುವುದು ಅವನಿಗೆ ಬರುತ್ತಿತ್ತು. ನಾನು ಹೇಳಿದ್ದು ತಪ್ಪು, ಇವರನ್ನು ಇವರ ಜಾಗಕ್ಕೆ ಬಿಡಿ ಎಂದು ಹೇಳಲು ಹೊರಟ. ಹೊಗಳಿದ ಗಂಡಸರು ಅವನನ್ನೇ ನೋಡುತ್ತಿದ್ದರು. ಚೀಲದ ಹನ್ನೊಂದು ಹಾಳೆ ಭುಜಕ್ಕೆ ಭಾರವಾಗಿತ್ತು. ಇಲ್ಲಿ ಈ ಮಾತು ಆಡಿದರೆ ಎರಡು ಗಂಟೆಗೆ ಅಲ್ಲಿ ಏನು ಓದುವುದು? ಅವನು ಸುಮ್ಮನೆ ಕೈಗಡಿಯಾರ ನೋಡಿಕೊಂಡ. ಆಮೇಲೆ ಆ ದಿನವನ್ನು ನೆನೆದಾಗಲೆಲ್ಲ ಚಪ್ಪಲಿ ಎಸೆದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದ್ದದ್ದು ಹೀಗೆ ಗಡಿಯಾರ ನೋಡಿಕೊಂಡದ್ದಕ್ಕೆ. ಹೆಂಗಸರು ಗೊಣಗುತ್ತ ಸಾಲಿನ ಕೊನೆಗೆ, ಹೊಂಗೆಮರದಿಂದಲೂ ಆಚೆಗೆ ಹೋದರು. ಅಕ್ಕ ಕ್ಯಾನನ್ನು ಮಗುಚಿ ಅದರ ಮೇಲೆ ಕೂತಳು.

ಸಾಲು ಇರುವೆಯ ಹಾಗೆ ಸರಿಯಿತು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಬೆರಳು ಒತ್ತಿದರೆ ಯಂತ್ರ ಒಪ್ಪುವುದಿಲ್ಲ, ಒಪ್ಪಿದರೆ ನೆಟ್‌ವರ್ಕ್ ಇಲ್ಲ. ಒಂಬತ್ತನೇ ಜಾಗ ಬಿಟ್ಟು ಹೊರಟುಬಿಡೋಣ ಎಂದು ಷಡಕ್ಷರಿಗೆ ಎರಡು ಸಲ ಅನ್ನಿಸಿತು. ಹೊರಟರೆ ಯಾತಕ್ಕೆ ನಿಂತಿದ್ದ ಎಂದು ಕೇಳುತ್ತಾರೆ. ಹೊರಡದೆ ನಿಂತ. ಒಂಬತ್ತೂವರೆಗೆ ಮೇಜಿನ ಮುಂದೆ ಬಂದಾಗ ಶಶಿಕಿರಣ್ ತಲೆಯೆತ್ತದೆ ಆಧಾರ್, ಪಾಸ್‌ಬುಕ್ ಕೇಳಿದ. ಚೀಲಕ್ಕೆ ಕೈ ಹಾಕಿದರೆ ಬಂದದ್ದು ಭಾಷಣ. ಅವನ ಎಕರೆಯ ಕಾಗದಗಳು ಹಾಸನದ ಬೀರುವಿನಲ್ಲಿದ್ದವು. ನಮ್ಮಕ್ಕನದು, ಕರೆಯುತ್ತೇನೆ ಎಂದ. ಹಿಂದಿನವರು ಒಪ್ಪಲಿಲ್ಲ, ಒಬ್ಬರಿಗೆ ಇನ್ನೊಬ್ಬರು ನಿಲ್ಲಂಗಿಲ್ಲ ಅಂತ ನೀವೇ ಮಾಡಿದ ರೂಲ್ಸಲ್ವಾ ಸಾ ಎಂದು ನಗುತ್ತಲೇ ಕೇಳಿದರು. ಆ ನಗುವನ್ನು ಅವನಿಂದ ಸಹಿಸಲಾಗಲಿಲ್ಲ.

“ರೂಲ್ಸ್ ಮನೆ ಹಾಳಾಗ. ಬಾರಕ್ಕ ಇತ್ಲಾಗೆ,” ಎಂದು ಕಿರುಚಿದ.

ಅಕ್ಕ ಕ್ಯಾನಿನಿಂದ ಎದ್ದಳು, ಆದರೆ ಬರಲಿಲ್ಲ. ಅಲ್ಲಿಂದಲೇ ಹೇಳಿದಳು.

“ಒಬ್ಳೇ ಬರಾಕಿಲ್ಲ ಕಣಪ್ಪ. ನನ್ ಚಪ್ಪಲಿ ಇವ್ರು ನೋಡ್ಕಂಡಿದ್ರು, ಇವ್ರದ್ದು ನಾನು ನೋಡ್ಕಂಡಿದ್ದೆ. ಅದ್ನಾರು ಜನಾನೂ ಕರುಸ್ಕಳಂಗಿದ್ರೆ ಕರಿ.”

ಇದು ಯಾವ ಪಂಥ ಎಂದು ಅವನ ತಲೆ ಅಭ್ಯಾಸಬಲದಿಂದ ಹುಡುಕಲು ಹೊರಟಿತು, ಪಠ್ಯಕ್ರಮದಲ್ಲಿ ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಹಿಂದಿನವನ ಮೊಣಕೈ ಅವನನ್ನು ಪಕ್ಕಕ್ಕೆ ಸರಿಸಿತು. ಹನ್ನೊಂದೂಕಾಲಿಗೆ ಶಶಿಕಿರಣ್ ಹೊರಗೆ ಬಂದು ತಾಲ್ಲೂಕಿನ ಮಿತಿ ಮುಗಿಯಿತು ಎಂದ. ಹೆಂಗಸರಲ್ಲಿ ಒಬ್ಬಳಿಗೂ ಸರದಿ ಬಂದಿರಲಿಲ್ಲ. ಷಡಕ್ಷರಿ ಅಕ್ಕನ ಹತ್ತಿರ ಹೋಗಿ ನಿಂತ. ಅವಳು, ನಿನಗೆ ಭಾಷಣಕ್ಕೆ ತಡವಾಗುತ್ತದೆ, ಹೊರಡು, ಬೆಳಿಗ್ಗೆಯಿಂದ ಏನಾದರೂ ತಿಂದೆಯಾ ಎಂದು ಕೇಳಿದಳು. ತಿಂದೆ ಎಂದು ಸುಳ್ಳು ಹೇಳಿದ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಕಿಟಕಿಯ ಪಕ್ಕ ಕೂತಾಗ ಭಾಷಣವನ್ನು ಹರಿದು ಹಾಕಬೇಕೆಂದು ನಿರ್ಧರಿಸಿದ. ಹಾಸನ ಹತ್ತಿರವಾದ ಹಾಗೆ ನಿರ್ಧಾರ ನಾಲ್ಕನೇ ಹಾಳೆ ಒಂದನ್ನು ಬಿಡುವಷ್ಟಕ್ಕೆ ಇಳಿಯಿತು. ಮೈಕಿನ ಮುಂದೆ ನಿಂತಾಗ ನಾಲ್ಕನೇ ಹಾಳೆಯ ಜಾಗದಲ್ಲಿ ಬಾಯಿಗೆ ತಾನಾಗಿ ಬಂದದ್ದು ಬೆಳಗಿನ ಕಥೆ. ಇವತ್ತು ಬೆಳಿಗ್ಗೆ ನಾನು ಒಂದು ಸಾಲಿನಲ್ಲಿ ನಿಂತಿದ್ದೆ ಎಂದು ಶುರುಮಾಡಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅದು ನಿಜವಾಗಿತ್ತು. ನೀಲಿ ಚಪ್ಪಲಿಗಳನ್ನು ವರ್ಣಿಸಿದ, ಸಭೆ ನಕ್ಕಿತು. ಒಬ್ಬರ ಚಪ್ಪಲಿ ಒಬ್ಬರು ನೋಡಿಕೊಂಡಿದ್ದ ಬರಿಗಾಲಿನ ಹದಿನಾರು ಹೆಂಗಸರು ಜಾಗ ಕಳೆದುಕೊಂಡದ್ದನ್ನು ಹೇಳಿದ, ಸಭೆ ಬರೆದುಕೊಂಡಿತು. ಅವರ ಚಪ್ಪಲಿಗಳನ್ನು ಎಸೆಯಲಾಗಿತ್ತು ಎಂದ. ಯಾರು ಎಸೆದರು ಎನ್ನುವುದಕ್ಕೆ ವಾಕ್ಯದಲ್ಲಿ ಜಾಗವಿರಲಿಲ್ಲ. ಹಂಸ ಮೇಡಂ, ಆಮೇಲೆ ಆ ಹೆಂಗಸರು ಏನು ಮಾಡಿದರು ಎಂದು ಕೇಳಿದಾಗ, ವ್ಯವಸ್ಥೆ ಅವರನ್ನು ಸೋಲಿಸಿತು ಎಂದ. ಅಂಥ ಚಪ್ಪಾಳೆ ಅವನಿಗೆ ಹಿಂದೆಂದೂ ಬಿದ್ದಿರಲಿಲ್ಲ. ವರದರಾಜ ಎದ್ದು, ಮಿತಿಯಿಲ್ಲದೆ ಸರ್ಕಾರವೇ ಎಲ್ಲ ಕೊಂಡರೆ ಸಾಲೇ ಇರುವುದಿಲ್ಲ, ಇದು ನನ್ನ ವಾದಕ್ಕೇ ಪುರಾವೆ ಎಂದ. ಹಂಸ ಮೇಡಂ, ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಕಾಯುವ ಊರು ಇನ್ನೂ ಬದುಕಿದೆ, ನಾನು ಹೇಳುವುದೂ ಅದೇ ಎಂದರು. ಮೂರು ಪಂಥಗಳೂ ಅವನ ಅಕ್ಕನನ್ನು ಪಾಲು ಹಂಚಿಕೊಂಡು ತೃಪ್ತಿಯಿಂದ ಕೂತವು.

ಟೀ ಕೊಡುವ ಹೊತ್ತಿಗೆ ಅಕ್ಕನ ಫೋನು ಬಂತು. ವರಾಂಡದ ಕೊನೆಗೆ ಹೋಗಿ ತೆಗೆದ. ರಜನೀಶ ಗಾಡಿ ತಂದಿದ್ದ, ಇಲಿ ಕಡಿಯುವ ಮೊದಲು ಹೋಗಲಿ ಎಂದು ಅವನು ಕೇಳಿದ ರೇಟಿಗೇ ಕೊಬ್ಬರಿ ಕೊಟ್ಟುಬಿಟ್ಟೆ ಎಂದಳು. ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಷಡಕ್ಷರಿಯ ಎದೆ ಉಕ್ಕಿತು. ಕೊನೇ ಕಂತು ಈ ವರ್ಷ ಬೇಡ ಅಕ್ಕ, ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಕೊಡು, ಅವಸರವಿಲ್ಲ ಎಂದ. ಹೇಳುತ್ತಿದ್ದ ಹಾಗೇ ಬೆಳಗಿನಿಂದ ಇದ್ದ ಭಾರ ಇಳಿದ ಹಾಗಾಯಿತು. ಔದಾರ್ಯ ಇಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ.

“ಮುಂದಿನ್ ವರ್ಸ ಯಾಕೆ? ತೀರೋಗದೆ ಕಣಪ್ಪ.”

“ಏನು ತೀರೋಗಿದೆ?”

“ನಿನ್ ದುಡ್ಡು. ರಿಜಿಸ್ಟ್ರಾಗೋ ದಿನದ ರೇಟು ಅಂತ ನೀನೇ ಬರ್ದಿದ್ದೆಲ್ಲ. ಕೊಬ್ಬರಿ ಇಳ್ದಮ್ಯಾಕೆ ತ್ವಾಟದ ರೇಟೂ ಇಳ್ದದೆ. ನಮ್ ಬೇಲಿ ಆಚೆ ಎಕ್ರೆ ಓದ್ ವಾರ ಮಾರಾಟಾಯ್ತು, ಪತ್ರ ಬರ್ದೋರ್ನೇ ಕೇಳ್ಕಂಡ್ ಬಂದಿವ್ನಿ. ಆ ರೇಟ್ನಂಗೆ ನಾಕ್ ವರ್ಸ ಕೊಟ್ಟಿರದೇ ಸಾಕು. ವಸಿ ಎಚ್ಗೇ ಬಂದದೆ ನಿಂಗೆ, ಇರ್ಲಿ ಮಡಿಕೋ.”

ಷಡಕ್ಷರಿ ಗೋಡೆಗೆ ಒರಗಿದ. ಅವಳ ಮಾತನ್ನು ಉತ್ತರಪತ್ರಿಕೆ ತಿದ್ದುವವನ ಹಾಗೆ ಮೊದಲಿನಿಂದ ನೋಡಿದ. ಉತ್ಪನ್ನದ ಬೆಲೆ ಇಳಿದರೆ ಅದನ್ನು ಕೊಡುವ ಭೂಮಿಯ ಬೆಲೆಯೂ ಇಳಿಯುತ್ತದೆ: ಸರಿ. ಪಕ್ಕದ ಎಕರೆ ಹೋದ ದರವೇ ಆ ದಿನದ ದರ: ಸರಿ. ಮಾರುವವನು ಎಷ್ಟು ಬಯಸಿದ್ದ ಎಂಬುದು ಬೆಲೆಗೆ ಸಂಬಂಧಿಸಿದ್ದಲ್ಲ: ಅದೂ ಸರಿ, ಅದನ್ನು ಅವನೇ ಬೋರ್ಡಿನ ಮೇಲೆ ಬರೆಯುತ್ತಿದ್ದ. ಎಲ್ಲೂ ಕೆಂಪು ಶಾಯಿ ಹಾಕುವ ಜಾಗವಿರಲಿಲ್ಲ. ಹಾಗಾದರೆ ಬೆಂಬಲ ಬೆಲೆ ಸಿಕ್ಕಿದ್ದರೆ ಇವಳು ಈ ಮಾತು ಎತ್ತುತ್ತಿದ್ದಳೇ, ಇಲ್ಲವೇ ಕೊನೆಯ ಕಂತನ್ನು ತಂದು ಶಿವರಂಜನಿಯ ಕೈಗೆ ಎಣಿಸಿಯೇ ಹೋಗುತ್ತಿದ್ದಳೇ? ಆ ಕಂತು ಎಷ್ಟಾಗುತ್ತಿತ್ತು ಎಂದು ಅವನ ತಲೆ ಅವನನ್ನು ಕೇಳದೆಯೇ ಗುಣಿಸಲು ಶುರುಮಾಡಿತು. ಒಳಗೆ ಯಾರೋ ಮೈಕಿನಲ್ಲಿ, ಷಡಕ್ಷರಿಯವರ ನಿಲುವಿನ ಸ್ಪಷ್ಟತೆಯನ್ನು ಮೆಚ್ಚಲೇಬೇಕು ಎಂದು ವಂದನೆ ಹೇಳುತ್ತಿದ್ದರು. ಅವನ ಕತ್ತಿನ ನರ ಉಬ್ಬಿತು.

“ಅಕ್ಕ-ತಮ್ಮನ ಮಧ್ಯೆ ಇದೆಲ್ಲ ಏನಕ್ಕ, ಹಿಂಗೆ ರೇಟು ಗೀಟು ಅಂತ?” ಎಂದ.

 

“ಕಾಗ್ದ ಬರ್ದ ದಿನ ನಾನೂ ಅದ್ನೇ ಅಂದೆ ಕಣ್ಲಾ,” ಎಂದಳು ಅಕ್ಕ. “ಸೋಮ್ವಾರ ಅತ್ತೂವರ್ಗೆ ಪಟ್ಣದ ರಿಜಿಸ್ಟ್ರಾಫೀಸ್ ತಾವ ಬಂದ್ಬುಡು. ಎಲ್ಡು ಪೋಟ ತತ್ತಾ.”

ಎರಡೇ ಸಾಕಾ ಅಕ್ಕ, ಎಂದು ಷಡಕ್ಷರಿ ಕೇಳಿದ.